ರಂಗೋಲಿ ಹುಳು: ಔಷಧಿ ಹೊಡೆಯುವ ಮೊದಲು ಒಂದು ಲೆಕ್ಕ

ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 15,000 ಟೊಮೆಟೊ ಸಸಿ. ನಾಟಿಯಾಗಿ ವಾರ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳ ಮೇಲೆ ಬಿಳಿ ಗೆರೆಗಳು ಅಂಕುಡೊಂಕಾಗಿ ಹರಿದಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಲಿರಿಯೋಮೈಜಾ ಟ್ರೈಫೋಲಿ ಎಂಬ ನೊಣದ ಮರಿ ಇದು. ಮೂಲ ಅಮೆರಿಕ, ಭಾರತದಲ್ಲಿ ಕಾಣಿಸಿಕೊಂಡದ್ದು 1990ರ ದಶಕದ ಆರಂಭದಲ್ಲಿ.

ನೊಣದ ಉದ್ದ 2 ಮಿ.ಮೀ. ಕೂಡ ಇಲ್ಲ. ಆದರೆ ಒಂದು ಹೆಣ್ಣು 200ರಿಂದ 400 ಮೊಟ್ಟೆ ಇಡಬಲ್ಲದು. 25 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೊಟ್ಟೆ ನೊಣವಾಗಲು ಸುಮಾರು 19 ದಿನ ಸಾಕು. 200 ಮೊಟ್ಟೆಯನ್ನೇ ಹಿಡಿಯೋಣ. ಅರ್ಧ ಹೆಣ್ಣು, ಒಂದೂ ಸಾಯಲಿಲ್ಲ ಎಂದರೆ ಎರಡನೇ ತಲೆಮಾರಿಗೆ 20,000, ಮೂರನೆಯದಕ್ಕೆ 20 ಲಕ್ಷ. ಎರಡು ತಿಂಗಳೂ ಬೇಕಿಲ್ಲ.

ಹೊಲದಲ್ಲಿ ಹಾಗಾಗದಂತೆ ಕಾಯುವುದು ಸಣ್ಣ ಪರತಂತ್ರ ಕಣಜಗಳು. ಇವು ಎಲೆಯ ಸುರಂಗದಲ್ಲಿರುವ ಮರಿಯನ್ನೇ ಹುಡುಕಿ ಮೊಟ್ಟೆಯಿಡುತ್ತವೆ. ಕಂಡ ಕಂಡ ಔಷಧಿ ಹೊಡೆದಾಗ ಮೊದಲು ಸಾಯುವುದು ಇವೇ. ಮರಿ ಎಲೆಯ ಎರಡು ಪದರದ ನಡುವೆ, ಕೋಶ ಮಣ್ಣಿನಲ್ಲಿ ಅಡಗಿರುತ್ತದೆ. ಬಯಲಲ್ಲಿ ಹಾರಾಡುವ ಕಣಜಕ್ಕೆ ಆ ಆಸರೆ ಎಲ್ಲಿದೆ? ರೈತ ದುಡ್ಡು ಕೊಟ್ಟು ತನ್ನ ಕಾವಲುಗಾರನನ್ನೇ ಕೊಲ್ಲಿಸುವ ಈ ಖರ್ಚು ನನ್ನನ್ನು ಬಹಳ ನೋಯಿಸುತ್ತದೆ. ಔಷಧಿಗೆ ಬಗ್ಗದ ಇದೇ ನೊಣದಿಂದ ಕ್ಯಾಲಿಫೋರ್ನಿಯಾದ ಸೇವಂತಿಗೆ ಬೆಳೆಗಾರರಿಗೆ 1981–85ರಲ್ಲಿ ಆದ ನಷ್ಟದ ಅಂದಾಜು 9.3 ಕೋಟಿ ಡಾಲರ್.

ಎಲೆಯ ಮೇಲಿನ ಬಿಳಿ ಚುಕ್ಕೆಗಳಿಗೂ ಹೆದರಬೇಕಿಲ್ಲ. ನೂರು ಚುಕ್ಕೆಯಲ್ಲಿ ಮೊಟ್ಟೆ ಇರುವುದು ಸುಮಾರು 15ರಲ್ಲಿ. ಉಳಿದವು ನೊಣ ರಸ ಹೀರಲು ಚುಚ್ಚಿದ ಗುರುತು. ಈ ಹುಳು ಕಾಯಿಯೊಳಗೆ ಹೋಗುವುದೂ ಇಲ್ಲ. ಕಾಯಿ ತೂತಾಗಿದ್ದರೆ ಕಳ್ಳ ಬೇರೆ.

ಹಾಗಾದರೆ ಈ ಹುಳುವಿನ ಹತೋಟಿಗೆ ಎಷ್ಟು ಬೇಕು? ಮೊದಲು ಗೆರೆ ಬಿದ್ದ ಕೆಳಗಿನ ಎಲೆ ಕಿತ್ತು ಸುಡುವುದು. ಇದಕ್ಕೆ ಕೂಲಿ ಮಾತ್ರ. ನಾಟಿ ಹೊತ್ತಿಗೆ ಎಕರೆಗೆ 100 ಕಿಲೊ ಬೇವಿನ ಹಿಂಡಿ. ಆಮೇಲೂ ಹತೋಟಿಗೆ ಬಾರದಿದ್ದರೆ 10 ಕಿಲೊ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ, 200 ಲೀಟರ್ ನೀರಿಗೆ ಬೆರೆಸಿದರೆ ಶೇ. 5ರ ಕಷಾಯ ಸಿದ್ಧ.

ಸಿಂಪಡಿಸುವ ಮೊದಲು ನಾಲ್ಕಾರು ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಗೆರೆಯ ಅಗಲವಾದ ತುದಿಯಲ್ಲಿ ಹಳದಿ ಮರಿ ಜೀವಂತ ಇದ್ದರಷ್ಟೇ ಪಂಪು ಹೆಗಲಿಗೇರಲಿ. ಗೆರೆ ಖಾಲಿ ಇದ್ದರೆ ದಯವಿಟ್ಟು ಹೊಡೆಯಬೇಡಿ.