ದುರ್ಗದ ಸೀಮೆಯಲ್ಲಿ ಮನೆ ಮಾಡುವ ಮುನ್ನ

ಬೆಂಗಳೂರು ಸಾಕಾಗಿ ಹಳ್ಳಿ ಕಡೆ ಎರಡೆಕರೆ ಹುಡುಕುವವರು ಈಗ ಹಿರಿಯೂರಿನ ಹೋಟೆಲುಗಳಲ್ಲೂ ಸಿಗುತ್ತಾರೆ. ಹೆದ್ದಾರಿ ಚೆನ್ನಾಗಿದೆ, 2020ರ ಭೂಸುಧಾರಣಾ ತಿದ್ದುಪಡಿಯಾದ ಮೇಲೆ ರೈತರಲ್ಲದವರಿಗೂ ಜಮೀನು ಕೊಳ್ಳಲು ಅಡ್ಡಿಯಿಲ್ಲ. ಬ್ರೋಕರ್ ಮೊದಲು ತೋರಿಸುವುದು ರಸ್ತೆ, ಆಮೇಲೆ ಗುಡ್ಡದ ಮೇಲಿನ ಗಾಳಿಯಂತ್ರ. ಊರಿನವರು ಕೇಳುವುದು ಬೇರೆಯೇ: ಬೋರಿನಲ್ಲಿ ಎಷ್ಟು ಇಂಚು ನೀರಿದೆ?

ಹಿರಿಯೂರಲ್ಲಿ ಈ ಪ್ರಶ್ನೆಗೆ ಉತ್ತರ ಕಾಲುವೆಯ ಯಾವ ಬದಿಗೆ ನಿಂತಿದ್ದೀರಿ ಎಂಬುದರ ಮೇಲಿದೆ. ಒಂದು ಬದಿ ಮಾರಿಕಣಿವೆಯ ಅಚ್ಚುಕಟ್ಟು, ತೆಂಗು ಅಡಿಕೆಯ ನೆರಳು. ಇನ್ನೊಂದು ಬದಿ ಶೇಂಗಾ ಹೊಲ, ಜಾಲಿ, ಬಿಸಿಲು. ನಡುವೆ ಹತ್ತು ಹೆಜ್ಜೆ. ಎಕರೆಯ ರೇಟು ಮಾತ್ರ ಅಜಗಜಾಂತರ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಮೈಸೂರು ಸಂಸ್ಥಾನ 1898ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು ಈ ಮಾರಿಕಣಿವೆ. ತುಂಬಿದರೆ 130 ಅಡಿ. ಆದರೆ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕೋಡಿ ಕಾಣದೆಯೇ ಕಣ್ಣು ಮುಚ್ಚಿತ್ತು. 2025ರ ಜನವರಿಯಲ್ಲಿ ಮೂರನೇ ಸಲ ತುಂಬಿದಾಗ ಬಾಗಿನಕ್ಕೆ ಜನಜಾತ್ರೆ. ಆ ಸಂಭ್ರಮ ನೋಡಿ ಅಡ್ವಾನ್ಸ್ ಕೊಡುವವರು ಹಿಂದಿನ ವರ್ಷಗಳ ಬರವನ್ನೂ ಕೇಳಿ ತಿಳಿಯಲಿ.

ಮೇಲೆ ಹೊಸದುರ್ಗದ ಕಡೆ ಹೋದರೆ ಅದೇ ನೀರಿನ ಮಾತು ತಿರುಗುಮುರುಗು. ಜಲಾಶಯ ತುಂಬಿದಷ್ಟೂ ಹಿನ್ನೀರು ತೋಟಗಳಿಗೆ ನುಗ್ಗುತ್ತದೆ. ‘ಲೇಕ್ ವ್ಯೂ’ ಎಂದು ಕಡಿಮೆಗೆ ಕೊಡುವ ಜಾಗ ಕಂಡರೆ ನನಗೇನೋ ಅನುಮಾನ. ದಡದಿಂದ ದೂರ, ಸಾಣೇಹಳ್ಳಿ ಬದಿಗೆ ಬೇಕಾದರೆ ನೋಡಬಹುದು: ರಾಗಿ ಹೊಲ, ತೆಂಗಿನ ಸಾಲು, ಮಠದ ಬಯಲು ರಂಗಮಂದಿರ, ವರ್ಷಕ್ಕೊಮ್ಮೆ ನಾಟಕೋತ್ಸವ. ಹಳ್ಳಿಯಲ್ಲಿ ಸಂಜೆ ಹೊತ್ತು ಹೋಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಊರು ಬೇಡ.

ಹೊಳಲ್ಕೆರೆಯ ಹಸಿರು ಮೊದಲ ನೋಟಕ್ಕೇ ಮರುಳು ಮಾಡುತ್ತದೆ. ಅಡಿಕೆ ತೋಟ, ಬಯಲು ಗಣಪ, ಅತ್ತ ಮಲ್ಲಾಡಿಹಳ್ಳಿಯ ಆಶ್ರಮ, ಇತ್ತ ಚಿಕ್ಕಜಾಜೂರಿನ ರೈಲು ಜಂಕ್ಷನ್. ಆದರೆ ಬರಗಾಲದಲ್ಲಿ ಇದೇ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಯ್ದು ಗಿಡ ಉಳಿಸಿಕೊಂಡವರಿದ್ದಾರೆ. ಹಸಿರು ನೋಡಿ ನೀರಿದೆ ಎಂದುಕೊಳ್ಳಬೇಡಿ, ಅದರ ಹಿಂದೆ ಸಾಲವೂ ಇರಬಹುದು.

ಚಿತ್ರದುರ್ಗ ನಗರದ ಅಂಚು ವಯಸ್ಸಾದವರಿಗೆ ವಾಸಿ. ಆಸ್ಪತ್ರೆ ಹತ್ತಿರ, ನಲ್ಲಿಯಲ್ಲಿ ಶಾಂತಿಸಾಗರ ಕೆರೆಯದ್ದೋ ಮಾರಿಕಣಿವೆಯದ್ದೋ ನೀರು, ಬೆಳಗಿನ ನಡಿಗೆಗೆ ಚಂದ್ರವಳ್ಳಿ. ಬೇಸಿಗೆಯಲ್ಲಿ ಮಾತ್ರ ಕೋಟೆಯ ಬಂಡೆಗಳು ಹಗಲು ಹೀರಿದ ಕಾವನ್ನು ರಾತ್ರಿ ಬಿಡುತ್ತವೆ.

ನನ್ನ ಒಲವು ಹೊಳಲ್ಕೆರೆಗೇ, ಎರಡು ಷರತ್ತಿನ ಮೇಲೆ. ಜಾಗ ನೋಡುವುದು ಮಳೆಗಾಲದಲ್ಲಲ್ಲ, ಏಪ್ರಿಲ್‌ನಲ್ಲಿ. ಮೋಟಾರು ಎರಡು ತಾಸು ಎಡೆಬಿಡದೆ ಓಡಬೇಕು. ಆಮೇಲೆ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಡಿ. ಈ ಜಿಲ್ಲೆಯ ಆಳದ ಬೋರುಗಳಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲಾಗದು. ಸಂದೇಹವಿದ್ದರೆ ಊರಿನ ಮಕ್ಕಳ ಹಲ್ಲು ನೋಡಿ: ಕಂದು ಪಟ್ಟೆ ಕಂಡರೆ ಪಹಣಿ ಕೇಳುವ ಮೊದಲೇ ಹೊರಟುಬಿಡಬಹುದು.