ಮನೆಮುಂದಣ ಹೂದೋಟದ ರಕ್ಷಣೆ

ಮುಂಬಯಿಯ ಚಾಳುಗಳ ಹತ್ತಡಿ ಖೋಲಿಗಳಲ್ಲಿ ಮೂವತ್ತು ನಾಲ್ವತ್ತು ವರುಷ ಜೀವ ಸವೆಸಿದ ನಮ್ಮವರು, ಪ್ರಾವಿಡೆಂಟ್ ಫಂಡಿನ ಹಣವನ್ನೂ ಹೆಂಡತಿಯ ಕೈಬಳೆಯನ್ನೂ ಕೂಡಿಸಿ ಬದಲಾಪುರದಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡೊಡನೆ ಕೈಕೊಳ್ಳುವ ಮೊದಲ ಕೆಲಸವೆಂದರೆ ಮುಂದಣ ನಾಲ್ಕು ಮೊಳ ಮಣ್ಣಿನಲ್ಲಿ ಒಂದು ತುಳಸಿಯನ್ನೂ ಒಂದು ದಾಸವಾಳವನ್ನೂ ನೆಡುವುದು. ಊರಿನಿಂದ ಒದ್ದೆ ಗೋಣಿತುಂಡಿನಲ್ಲಿ ಸುತ್ತಿ ತಂದ ಮಲ್ಲಿಗೆಯ ಗೆಲ್ಲು ಅದರ ಬದಿಯಲ್ಲಿ ಬೇರೂರುತ್ತದೆ. ಇಂತಹ ತೋಟವನ್ನು ಚದರಡಿಯ ಲೆಕ್ಕದಲ್ಲಿ ಅಳೆಯುವುದು ಸಲ್ಲದು. ಪರವೂರಿನಲ್ಲಿ ಆ ಮನುಷ್ಯನು ತನ್ನದೆನ್ನಬಹುದಾದ ನೆಲವೇ ಅಷ್ಟು.

ಬದಲಾಪುರದ ಪೂರ್ವ ಪಶ್ಚಿಮ ಎರಡೂ ಮಗ್ಗುಲುಗಳಿಂದ ಇತ್ತೀಚೆಗೆ ನಮ್ಮ ಕಚೇರಿಗೆ ಬರುತ್ತಿರುವ ದೂರುಗಳು ಈ ನೆಲಕ್ಕೆ ಸಂಬಂಧಿಸಿದವು. ರಾತ್ರಿ ಎಣಿಸಿಟ್ಟ ಹನ್ನೊಂದು ದಾಸವಾಳದ ಮೊಗ್ಗುಗಳಲ್ಲಿ ಬೆಳಗಿಗೆ ಒಂದೂ ಉಳಿಯಲಿಲ್ಲವೆಂದು ನಿವೃತ್ತ ಗುಮಾಸ್ತರೊಬ್ಬರು ಬರೆದಿರುವರು. ಹೂವು ಹೋದುದಕ್ಕಿಂತಲೂ ಕೊಕ್ಕೆಕೋಲಿನಿಂದ ಎಳೆದು ಗೆಲ್ಲು ಸೀಳಿದುದಕ್ಕೆ ಅವರು ಹೆಚ್ಚು ನೊಂದಿರುವರು. ಮತ್ತೊಬ್ಬರ ಸಿಮೆಂಟಿನ ಕುಂಡಗಳು ಮಾಯವಾಗಿವೆ. ಮೂರನೆಯವರ ಗಿಡಗಳಿಗೆ ನೀರುಣಿಸುವ ಹಿತ್ತಾಳೆಯ ನಲ್ಲಿಯನ್ನೇ ಯಾರೋ ತಿರುಗಿಸಿ ಬಿಚ್ಚಿಕೊಂಡು ಹೋಗಿರುವರು. ಹೋಳಿಯ ಮುನ್ನಾದಿನ ಬೇಲಿಯ ಗೂಟಗಳು ಬೆಂಕಿಗಾಹುತಿಯಾದುದು ಇನ್ನೊಂದು ಕಥೆ.

ನಲ್ಲಿಯ ಕಳ್ಳನನ್ನೂ ಹೂವಿನ ಕಳ್ಳನನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಮೊದಲನೆಯವನಿಗೆ ತಾನು ಕಳ್ಳನೆಂದು ಗೊತ್ತು. ಗುಜರಿ ಅಂಗಡಿಯ ಬೆಲೆಯೂ ಗೊತ್ತು. ಎರಡನೆಯವರು ಬಹುಮಟ್ಟಿಗೆ ಮಿಂದು ಮಡಿಯುಟ್ಟು, ನಸುಕಿನ ಐದು ಗಂಟೆಗೆ ಕೈಯಲ್ಲಿ ಚೀಲ ಹಿಡಿದು ಹೊರಟ ಸಭ್ಯರು. ಸಂಕಷ್ಟಿಯ ದಿನವೂ ಗಣೇಶೋತ್ಸವದ ದಿನಗಳಲ್ಲಿಯೂ ಕೆಂಪು ದಾಸವಾಳಕ್ಕೆ ಉಳಿಗಾಲವಿಲ್ಲ. ತಡೆದು ಕೇಳಿದರೆ 'ದೇವರಿಗಲ್ಲವೇ?' ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಹಳ ವರುಷ ಹೊಟೇಲಿನ ಗಲ್ಲೆಯ ಮೇಲೆ ಕುಳಿತ ನಮಗೆ ಈ ಮನೋಧರ್ಮ ಹೊಸದಲ್ಲ. ಚಮಚವನ್ನು ಜೇಬಿಗಿಳಿಸಿದ ಗಿರಾಕಿಯೇ ಚಿಲ್ಲರೆಯಲ್ಲಿ ಒಂದು ರೂಪಾಯಿ ಹೆಚ್ಚು ಬಂದರೆ ಪ್ರಾಮಾಣಿಕತೆಯಿಂದ ಹಿಂದಿರುಗಿಸುವುದನ್ನು ನಾವು ಕಂಡಿದ್ದೇವೆ.

ಈ ಉತ್ತರಕ್ಕೆ ಆಧಾರವೇ ಇಲ್ಲವೆಂದು ಹೇಳುವಂತಿಲ್ಲ. ಗೋವಿಗಾಗಿ ಹುಲ್ಲನ್ನೂ ಅಗ್ನಿಗಾಗಿ ಸೌದೆಯನ್ನೂ ಬಳ್ಳಿ ಮರಗಳ ಹೂವುಗಳನ್ನೂ ತನ್ನದೆಂಬಂತೆ ತೆಗೆದುಕೊಳ್ಳಬಹುದೆಂದು ಗೌತಮನ ಧರ್ಮಸೂತ್ರ ಅನುಮತಿ ಕೊಟ್ಟಿದೆ. ಆದರೆ ಅದೇ ಸೂತ್ರ ಹಣ್ಣಿನ ವಿಷಯಕ್ಕೆ ಬಂದಾಗ ಒಂದು ಷರತ್ತು ಹಾಕುತ್ತದೆ: ಬೇಲಿಯಿಲ್ಲದ ಮರದ ಹಣ್ಣಾಗಿರಬೇಕು. ಗೌತಮನ ಕಾಲದಲ್ಲಿ ಹೂವು ಕಾಡಿನ ಸಂಪತ್ತು. ನಲ್ಲಿಯ ನೀರಿಗೆ ಬಿಲ್ಲು ಕಟ್ಟಿ, ಗೊಬ್ಬರವನ್ನು ಚೀಲದ ಲೆಕ್ಕದಲ್ಲಿ ಕೊಂಡು ತಂದು ಬೆಳೆಸುವ ಬದಲಾಪುರದ ಹೂವಿಗೆ ಹಣ್ಣಿನ ನಿಯಮವೇ ಸಲ್ಲತಕ್ಕದ್ದೆಂದು ನಮ್ಮ ಮತ.

ಇನ್ನು ಸರಕಾರದ ಕಾನೂನು. ೧೮೬೦ರ ದಂಡಸಂಹಿತೆಯೂ, ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಕಲಮೂ ಈ ಬಗ್ಗೆ ಒಂದು ಸ್ವಾರಸ್ಯವಾದ ಮಾತನ್ನು ಹೇಳುತ್ತವೆ. ನೆಲಕ್ಕೆ ಅಂಟಿಕೊಂಡಿರುವವರೆಗೆ ಗಿಡವು ಕಳವಿನ ವಸ್ತುವಲ್ಲ. ನೆಲದಿಂದ ಬೇರ್ಪಟ್ಟ ಕ್ಷಣವೇ ಅದು ಕಳವಿನ ವಸ್ತುವಾಗುತ್ತದೆ. ಬೇರ್ಪಡಿಸುವ ಕೃತ್ಯವೇ ಕಳವೂ ಆಗಬಹುದು. ಹೀಗೆ ಕೀಳುವ ಕೈ ಕಾನೂನಿನ ಕಣ್ಣಿನಲ್ಲಿ ಕಳ್ಳನ ಕೈಯೇ. ಆದರೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿನಲ್ಲಿ, ಮೊದಲ ಬಾರಿ ಅಪರಾಧಿಯೆಂದು ತೀರ್ಮಾನವಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಸಮಾಜಸೇವೆಯೇ ಶಿಕ್ಷೆಯೆಂದು ಹೊಸ ಸಂಹಿತೆ ವಿಧಿಸಿದೆ. ಠಾಣೆಯಲ್ಲಿ ಇಂತಹ ದೂರನ್ನು ಎನ್.ಸಿ. ಎಂದು ಬರೆದುಕೊಂಡು ಚೀಟಿ ಕೊಟ್ಟು ಕಳುಹಿಸುವರು. ಕುಂಡ, ನಲ್ಲಿ, ಗೇಟುಗಳು ಹೋದಾಗ ಆ ಚೀಟಿಯನ್ನು ಪಡೆಯದೆ ಬಿಡಬಾರದು. ನಾಳೆ ಗೇಣಿಯ ಒಳಗೆ ಇನ್ನೂ ಹತ್ತು ಮನೆಗಳಲ್ಲಿ ಕಳವಾದರೆ ಅದು ಉಪಯೋಗಕ್ಕೆ ಬರುತ್ತದೆ. ಹನ್ನೊಂದು ದಾಸವಾಳಕ್ಕಾಗಿ ಠಾಣೆಯ ಮೆಟ್ಟಲು ಹತ್ತುವವರಿಗೆ ಮಾತ್ರ ಅರ್ಧ ದಿನದ ಸಂಬಳ ಹೋಗುವುದು ಖಂಡಿತ.

ಸಿಟ್ಟಿನ ಭರದಲ್ಲಿ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಗೋಡೆಯ ನೆತ್ತಿಗೆ ಗಾಜಿನ ಚೂರು ಮೆತ್ತುವವರನ್ನು ನೋಡಿದ್ದೇವೆ. ಬೇಲಿಯ ತಂತಿಗೆ ವಿದ್ಯುತ್ತು ಹರಿಸುವ ಆಲೋಚನೆಯನ್ನು ವಾಚಕರೊಬ್ಬರು ಪತ್ರಮುಖೇನ ಸೂಚಿಸಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ೧೯೫೯ರಲ್ಲಿ ಬಿಹಾರದ ಮನೆಯೊಡೆಯನೊಬ್ಬನು ನೆರೆಯವರು ತನ್ನ ಶೌಚಾಲಯಕ್ಕೆ ಬಾರದಂತೆ ದಾರಿಗೆ ಬರಿಯ ತಾಮ್ರದ ತಂತಿ ಕಟ್ಟಿ ಮನೆಯ ವಿದ್ಯುತ್ತನ್ನು ಹರಿಸಿದನು. ತನ್ನ ಶೌಚಾಲಯದ ಗೋಡೆ ಕುಸಿದುದರಿಂದ ಅಲ್ಲಿಗೆ ಬಂದಿದ್ದ ನೆರೆಯ ಹೆಂಗಸು ಅದನ್ನು ತಗುಲಿ ಸತ್ತಳು. ನನ್ನ ಜಾಗ, ನನ್ನ ಹಕ್ಕು ಎಂಬ ಅವನ ವಾದವನ್ನು ಸುಪ್ರೀಂ ಕೋರ್ಟು ೧೯೬೩ರ ಜುಲೈಯಲ್ಲಿ ತಳ್ಳಿಹಾಕಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪ್ಪಣೆಯಿಲ್ಲದೆ ಒಳಬಂದನೆಂಬ ಮಾತ್ರಕ್ಕೆ ಒಬ್ಬನ ಪ್ರಾಣವು ಕಾನೂನಿನ ಆಶ್ರಯದಿಂದ ಹೊರಬೀಳುವುದಿಲ್ಲವೆಂದು ಅದರ ತಾತ್ಪರ್ಯ. ನಸುಕಿನಲ್ಲಿ ದಾಸವಾಳಕ್ಕೆ ಕೈ ನೀಡುವವಳು ಎಪ್ಪತ್ತು ವರುಷದ ಅಜ್ಜಿಯಾಗಿರಬಹುದು. ಚೆಂಡು ಹುಡುಕಿ ಬರುವವನು ಹತ್ತು ವರುಷದ ಹುಡುಗನಾಗಿರಬಹುದು.

ಬೈದಾಟದ ವಿಷಯವೂ ಹಾಗೆಯೇ. ಹೂವಿನ ಜಗಳ ಎರಡನೆಯ ಮಾತಿನಲ್ಲಿ ಭಾಷೆಯ ಜಗಳವಾಗಿ ತಿರುಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 'ನೀವು ಎಲ್ಲಿಂದ ಬಂದವರು?' ಎಂಬ ಪ್ರಶ್ನೆ ಹುಟ್ಟಿದ ಬಳಿಕ ಆ ಓಣಿಯಲ್ಲಿ ಯಾವ ತೋಟವೂ ಕ್ಷೇಮವಲ್ಲ.

ಇಲ್ಲಿ ಊರಿನ ಒಂದು ವಿಷಯ ನೆನಪಾಗುತ್ತದೆ. ಉಡುಪಿಯ ಬಳಿಯ ಶಂಕರಪುರದಲ್ಲಿ ಮನೆ ಮನೆಯ ಅಂಗಳದಲ್ಲಿಯೂ ಮಲ್ಲಿಗೆಯಿದೆ. ಎಂಟು ನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಮೊಗ್ಗು ಒಂದು ಮನೆಯ ಅಕ್ಕಿ, ಮಕ್ಕಳ ಶಾಲೆಯ ಫೀಸು ಎಂದು ಎಲ್ಲರಿಗೂ ಗೊತ್ತು. ಅಲ್ಲಿಂದ ಬಂದವರೇ ಬದಲಾಪುರದ ಓಣಿಯಲ್ಲಿ ಗೋಡೆಯಾಚೆಗೆ ಬಾಗಿದ ಗೆಲ್ಲನ್ನು ಕಂಡಾಗ ಆ ಲೆಕ್ಕವನ್ನು ಮರೆಯುವುದು ಸೋಜಿಗ. ಬೆಳಗಿನ ಲೋಕಲ್ ಹಿಡಿಯಲು ಹೊರಟ ಚೀಲದ ಕೈಗಳಲ್ಲಿ ನಮ್ಮ ಪತ್ರಿಕೆಯ ವಾಚಕರದೂ ಒಂದೆರಡು ಇರಬಹುದೆಂದು ನಾವು ಸಂಕೋಚದಿಂದ ಬರೆಯುತ್ತಿದ್ದೇವೆ.

ಹಾಗಾದರೆ ಮಾಡತಕ್ಕದ್ದೇನು? ಬಲಿತ ದಾಸವಾಳದ ಮೊಗ್ಗನ್ನು ಹಿಂದಿನ ಸಂಜೆಯೇ ಕಿತ್ತು ನೀರಿನ ತಟ್ಟೆಯಲ್ಲಿಟ್ಟರೆ ಬೆಳಿಗ್ಗೆ ಮನೆಯೊಳಗೇ ಅರಳುತ್ತದೆ. ಗೋಡೆಯಂಚಿಗೆ ನಾಲ್ಕನ್ನು ಬಿಟ್ಟರೆ ಹಾದುಹೋಗುವವರ ಪಾಲೂ ಸಂದಂತಾಗುತ್ತದೆ. ನಾವು ಬಲ್ಲ ಮನೆಯೊಂದರವರು ಗೇಟಿಗೆ ಸಣ್ಣ ಬುಟ್ಟಿ ತೂಗಹಾಕಿ, ಉಳಿದ ಹೂವನ್ನು ಅದರಲ್ಲಿಟ್ಟು, 'ಕೃಪಯಾ ಝಾಡಾಚೀ ಫುಲೆ ತೋಡೂ ನಯೆತ್' ಎಂದು ಮರಾಠಿಯಲ್ಲಿ ಹಲಗೆ ಬರೆಯಿಸಿದರು. ಆಮೇಲೆ ಗೆಲ್ಲು ಮುರಿದುದಿಲ್ಲ. ಅಷ್ಟೇ ಅಲ್ಲ, ಬುಟ್ಟಿಯಿಂದ ಹೂವು ಒಯ್ಯುವ ಮುದುಕರೊಬ್ಬರು ಈಗ ಆ ಗೇಟಿನ ಕಾವಲುಗಾರರಂತಾಗಿ, ಅಪರಿಚಿತರು ನಿಂತರೆ ವಿಚಾರಿಸುತ್ತಾರೆ. ಸೊಸೈಟಿಯ ಕಟ್ಟಡದಲ್ಲಿ ಕೆಳ ಅಂತಸ್ತಿನವರು ಇನ್ನೊಂದನ್ನು ನೆನಪಿಡಬೇಕು: ಕಿಟಕಿಯ ಮುಂದಣ ನೆಲ ಸಾಮಾನ್ಯವಾಗಿ ಸೊಸೈಟಿಯದು. ಬೇಲಿಗೆ ಮೊದಲು ಸಭೆಯಲ್ಲಿ ಠರಾವು ಮಾಡಿಸಿಕೊಂಡರೆ ನಾಳೆ ನೆರೆಯವರೇ ಅದನ್ನು ಕೀಳಿಸುವ ಪ್ರಸಂಗ ಬರುವುದಿಲ್ಲ.

ಹಿತ್ತಾಳೆಯ ನಲ್ಲಿಯನ್ನು ತೆಗೆದು ಪ್ಲಾಸ್ಟಿಕ್ಕಿನದನ್ನು ಹಾಕಿದರೆ ಗುಜರಿಯವನಿಗೆ ಆಸೆ ಉಳಿಯದು. ಕುಂಡದ ತಳದ ತೂತಿನಿಂದ ತಂತಿ ಪೋಣಿಸಿ ಕಿಟಕಿಯ ಸರಳಿಗೆ ಬಿಗಿಯಬೇಕು. ಗೇಟಿನ ಮೇಲಣ ತಿರುಗಣಿಯ ಕೀಲನ್ನು ಕೆಳಮುಖವಾಗಿ ಕೂರಿಸಿದರೆ ಗೇಟನ್ನು ಎತ್ತಿ ಒಯ್ಯಲಾಗದು. ಬೆಸುಗೆಯವನಿಗೆ ಅದು ಅರ್ಧ ಗಂಟೆಯ ಕೆಲಸ. ಕ್ಯಾಮರಾ ಇಡುವವರು ಇಡಲಿ. ಅದು ಹೋದ ಮೇಲೆ ಹೋದವನನ್ನು ತೋರಿಸುತ್ತದೆ. ಹೋಳಿಯ ಹುಡುಗರಿಗಂತೂ ಕೇಳುವ ಮೊದಲೇ ಒಂದು ಹೊರೆ ಒಣಸೌದೆ ಕೊಟ್ಟುಬಿಡುವುದು ಜಾಣತನ. ಕಾಮನ ಹಬ್ಬದಲ್ಲಿ ಸೌದೆ ಬೆರಣಿ ಕದ್ದ ನೆನಪು ನಮ್ಮ ಕಡೆಯ ದೊಡ್ಡವರಿಗೂ ಇದ್ದೀತು.

ಬೇಲಿಗೆ ಕಲ್ಲಿನ ಗೋಡೆಗಿಂತ ಗಿಡವೇ ಲೇಸು. ೨೦೦೫ರಲ್ಲಿಯೂ ೨೦೧೯ರಲ್ಲಿಯೂ ಜುಲೈ ತಿಂಗಳಲ್ಲಿ ಉಲ್ಹಾಸ ನದಿ ಉಕ್ಕಿದುದನ್ನು ಕಂಡವರಿಗೆ, ನೀರಿಗೆ ಹಾದಿ ಬಿಡದ ಗೋಡೆ ಎಂತಹ ಶತ್ರುವೆಂದು ಹೇಳಬೇಕಾಗಿಲ್ಲ. ಆಡುಸೋಗೆಯನ್ನು ಆಡು ಮುಟ್ಟದು, ಆದರೆ ಮನುಷ್ಯನ ಕಾಲು ತುಳಿದು ದಾಟುತ್ತದೆ. ಕಣಗಿಲೆ ದನಕ್ಕೂ ಮಗುವಿಗೂ ವಿಷ. ನಮ್ಮ ಮತವೇನಿದ್ದರೂ ಕರಾವಳಿಯವರು ಕರಂಡೆಯೆಂದೂ ಧಾರವಾಡದ ಕಡೆಯವರು ಕವಳಿಯೆಂದೂ ಮರಾಠಿಗರು ಕರವಂದವೆಂದೂ ಕರೆಯುವ ಗಿಡಕ್ಕೆ. ಇದು ಈ ಸಹ್ಯಾದ್ರಿಯ ಮಣ್ಣಿನದೇ ಆದುದರಿಂದ ಆರೈಕೆ ಕೇಳದು; ಮುಳ್ಳು ಚುಚ್ಚುತ್ತದೆ, ಕೊಲ್ಲುವುದಿಲ್ಲ; ಬಿಳಿಯ ಹೂವಿಗೆ ಪರಿಮಳವುಂಟು, ಕಾಯಿ ಉಪ್ಪಿನಕಾಯಿಗೆ ಒದಗುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲಿ ಒಂದೂವರೆ ಅಡಿಗೊಂದರಂತೆ ಸಸಿ ನೆಟ್ಟು, ಅದು ಒತ್ತಾಗಿ ಬೆಳೆಯುವ ಎರಡು ಮೂರು ವರುಷ ಹೊರಗಡೆಗೆ ಬಿದಿರಿನ ತಟ್ಟಿ ಕಟ್ಟಿಡಬೇಕು.