ಬಾಡಿಗೆ ದೋಣಿಯ ವಿಹಾರ: ನಂಬಿಕೆ ಮತ್ತು ವಾಸ್ತವ

ಬಾಡಿಗೆ ದೋಣಿಯಲ್ಲಿ ಒಂದು ದಿನ ಕಳೆಯಲು ಹೊರಡುವ ಗುಂಪುಗಳು ದರ ಮತ್ತು ಊಟದ ವಿಚಾರದಲ್ಲಿ ತೋರುವ ಮುತುವರ್ಜಿಯನ್ನು ದೋಣಿಯ ವಿಚಾರದಲ್ಲಿ ತೋರುವುದು ಅಪರೂಪ. ದೊಡ್ಡದಾಗಿ, ಹೊಸದಾಗಿ ಕಾಣುವ ದೋಣಿ ತಾನಾಗಿಯೇ ಸುರಕ್ಷಿತ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ. ವಾಸ್ತವದಲ್ಲಿ ದೋಣಿಯ ಸ್ಥಿರತೆಯನ್ನು ಗಾತ್ರವೊಂದೇ ನಿರ್ಧರಿಸದು. ಗುರುತ್ವಕೇಂದ್ರ, ಅಂದರೆ ದೋಣಿ, ಜನ ಮತ್ತು ಸಾಮಾನುಗಳ ಒಟ್ಟು ಭಾರವೆಲ್ಲ ನೆಲೆಸಿದೆಯೆಂದು ಭಾವಿಸಬಹುದಾದ ಬಿಂದು, ಎಲ್ಲಿದೆ ಎಂಬುದು ಇಲ್ಲಿ ಮುಖ್ಯ. ಜನ ಮೇಲಂತಸ್ತಿಗೆ ಏರಿದರೆ ಆ ಬಿಂದುವೂ ಏರುತ್ತದೆ, ಅವರು ಪಕ್ಕಕ್ಕೆ ಸರಿದರೆ ಅದೂ ಸರಿಯುತ್ತದೆ; ವಾಲಿದ ದೋಣಿಯನ್ನು ಮರಳಿ ನೆಟ್ಟಗಾಗಿಸುವ ನೀರಿನ ಬಲ ಒಂದು ಮಿತಿಯಾಚೆಗೆ ಸೋಲುತ್ತದೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಪೆರಿಯಾರ್ ಸರೋವರದಲ್ಲಿ ಮಗುಚಿದ ‘ಜಲಕನ್ಯಕ’ ಹಳೆಯ ಮುರುಕು ದೋಣಿಯಾಗಿರಲಿಲ್ಲ, ಸೇವೆಗೆ ಬಂದು ಹೆಚ್ಚು ಕಾಲವಾಗಿರದ ಎರಡಂತಸ್ತಿನ ದೋಣಿಯಾಗಿತ್ತು. ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಪಕ್ಕಕ್ಕೆ ಸೇರಿದಾಗ ಅದು ವಾಲಿ ಮುಳುಗಿತು, 45 ಮಂದಿ ಸತ್ತರು. ಗುಂಪು ಛಾಯಾಚಿತ್ರಕ್ಕೆಂದು ಎಲ್ಲರೂ ಒಂದೇ ಅಂಚಿಗೆ ಒತ್ತರಿಸಿ ನಿಲ್ಲುವ ಇಂದಿನ ರೂಢಿಯಲ್ಲಿ ಅಡಗಿರುವುದೂ ಇದೇ ಅಪಾಯ.

ಕುಳಿತುಕೊಳ್ಳಲು ಜಾಗವಿರುವಷ್ಟು ಜನರನ್ನು ದೋಣಿ ಹೊರಬಲ್ಲದು, ಮಕ್ಕಳು ಲೆಕ್ಕಕ್ಕಿಲ್ಲ ಎಂಬುದು ಇದರ ಬೆನ್ನಿಗೇ ಬರುವ ಕಲ್ಪನೆ. ದೋಣಿಯ ಸಾಮರ್ಥ್ಯವನ್ನು ಆಸನಗಳಿಂದ ಎಣಿಸಲಾಗದು. ಅದನ್ನು ನಿಗದಿಪಡಿಸುವುದು ಸರ್ವೆ, ಅಂದರೆ ಒಡಲಿನ ಗಟ್ಟಿತನ, ಎಂಜಿನ್ ಮತ್ತು ರಕ್ಷಣಾ ಸಲಕರಣೆಗಳ ಅಧಿಕೃತ ತಪಾಸಣೆ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗಳಿಗೆ ನೋಂದಣಿಯೂ ಸರ್ವೆ ಪ್ರಮಾಣಪತ್ರವೂ ಬೇಕು. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನರ ಸಾವಿಗೆ ಕಾರಣವಾದದ್ದು ವಿಹಾರಕ್ಕೆಂದು ಮಾರ್ಪಡಿಸಿದ ಮೀನುಗಾರಿಕೆಯ ದೋಣಿ, ಅದೂ ಮಿತಿಮೀರಿ ಜನರನ್ನು ತುಂಬಿಕೊಂಡು ಕತ್ತಲಲ್ಲಿ ಹೊರಟದ್ದು. ಪ್ರಮಾಣಪತ್ರ ತೋರಿಸೆಂದರೆ ಅಂಬಿಗನನ್ನು ಅವಮಾನಿಸಿದಂತಾಗುತ್ತದೆ ಎಂಬ ಸಂಕೋಚ ಅನೇಕರಿಗಿದೆ. ಅದೇ ಜನ ಬಾಡಿಗೆಯ ವಿಚಾರದಲ್ಲಿ ನೂರು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡಬಲ್ಲರು.

ಈಜು ಬಲ್ಲವರಿಗೆ ಲೈಫ್ ಜಾಕೆಟ್ ಬೇಡವೆಂಬ ಮಾತಿಗೆ ಆಧಾರವಿಲ್ಲ. ದೋಣಿ ಮಗುಚುವಾಗ ತಲೆಗೆ ಪೆಟ್ಟು ಬೀಳಬಹುದು, ಒದ್ದೆ ಬಟ್ಟೆ ಕೈಕಾಲಿಗೆ ಸುತ್ತಿಕೊಳ್ಳಬಹುದು, ಗಾಬರಿಗೊಂಡ ಪಕ್ಕದವರು ಹಿಡಿದೆಳೆಯಬಹುದು. ಜಾಕೆಟ್ಟುಗಳೂ ಎಲ್ಲ ಒಂದೇ ಅಲ್ಲ: ತೇಲಿಸುವ ಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ, 10 ನ್ಯೂಟನ್ ಎಂದರೆ ಸುಮಾರು 1 ಕಿಲೋ ಭಾರವನ್ನು ಎತ್ತಿಹಿಡಿಯುವ ಬಲ, 50 ನ್ಯೂಟನ್ನಿನದು ದಡದ ಸಮೀಪದಲ್ಲಿ ಈಜುಬಲ್ಲವರಿಗೆ ಒಂದು ಆಸರೆಯಷ್ಟೇ. ಕಾಲುಗಳ ನಡುವಿನ ಪಟ್ಟಿ ಬಿಗಿಯದ ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲಿಂದ ಕಳಚಿ ಹೋಗಬಹುದು. ಮುಳುಗುವವರು ಕೂಗಿ ಕರೆಯುತ್ತಾರೆ ಎಂಬುದೂ ಸಿನಿಮಾದಿಂದ ಬಂದ ನಂಬಿಕೆ. ಉಸಿರಿಗಾಗಿ ಹೆಣಗುವ ಬಾಯಿಗೆ ಕೂಗಲು ಬಿಡುವಿರುವುದಿಲ್ಲವಾದ್ದರಿಂದ ಮುಳುಗುವಿಕೆ ಬಹುಪಾಲು ಸದ್ದಿಲ್ಲದೆ ನಡೆಯುತ್ತದೆ.

ಮಳೆಗಾಲ ಕಳೆದರೆ ಕಡಲು ನಿರಪಾಯ ಎನ್ನುವವರಿಗೆ ಕಾರವಾರದ ಕೂರ್ಮಗಡ ಉತ್ತರ ಹೇಳುತ್ತದೆ: ಅಲ್ಲಿನ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡದ್ದು 2019ರ ಜನವರಿ 21ರಂದು. ಅಳಿವೆಯಲ್ಲಿ, ಅಂದರೆ ನದಿ ಕಡಲನ್ನು ಕೂಡುವ ಜಾಗದಲ್ಲಿ, ವಿಹಾರದ ವೇಳಾಪಟ್ಟಿಯನ್ನು ರೂಪಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಅದರ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ ಕಾಡಿನ ಕಿರುಗಾಲುವೆಗಳಲ್ಲಿ ಕಳೆದ ವಾರ ಬೆಳಗ್ಗೆ ಹತ್ತಕ್ಕೆ ಸಲೀಸಾಗಿ ಸಾಗಿದ ದೋಣಿ ಈ ವಾರ ಅದೇ ಹೊತ್ತಿಗೆ ಕೆಸರಿನಲ್ಲಿ ಕೂರಬಹುದು. ಆದ್ದರಿಂದ ಹೊರಡುವ ಸಮಯವನ್ನು ಅಂಬಿಗನನ್ನು ಕೇಳಿ ನಿಗದಿಪಡಿಸಿ, ಊಟವನ್ನು ಅದಕ್ಕೆ ಹೊಂದಿಸಿಕೊಳ್ಳುವುದೇ ಸರಿಯಾದ ಕ್ರಮ.

ಊಟದ ಬಗೆಗೂ ಒಂದು ತಪ್ಪು ಕಲ್ಪನೆಯಿದೆ. ಹೊಟ್ಟೆ ಖಾಲಿಯಿದ್ದರೆ ವಾಂತಿಯಾಗದೆಂದು ಉಪವಾಸ ಹೊರಡುವವರಿದ್ದಾರೆ, ಆದರೆ ಕಡಲಬೇನೆ ಹುಟ್ಟುವುದು ಕಣ್ಣು ಕಾಣುವ ಸ್ಥಿರತೆಗೂ ಒಳಗಿವಿ ಗ್ರಹಿಸುವ ಚಲನೆಗೂ ಹೊಂದಿಕೆಯಾಗದಿರುವುದರಿಂದ. ಎರಡು ಇಡ್ಲಿಯಂತಹ ಹಗುರ ಆಹಾರ ಸೇವಿಸಿ, ಓಲಾಟ ಕಡಿಮೆಯಿರುವ ದೋಣಿಯ ನಡುಭಾಗದಲ್ಲಿ ಕುಳಿತು, ಮೊಬೈಲನ್ನು ಬದಿಗಿಟ್ಟು ದಿಗಂತದತ್ತ ನೋಡುವವರಿಗೆ ಅದರ ಬಾಧೆ ಕಡಿಮೆ.